ಸಹಾಯ ಬೇಕು: ತಂಗಿಯ ಕಣ್ಣ ಕೆಳಗಿನ ಕಪ್ಪಿಗೆ ಒಳ್ಳೆ ಚರ್ಮದ ಡಾಕ್ಟರ್

ಎಲ್ಲರಿಗೂ ನಮಸ್ಕಾರ. ತಂಗಿಗೆ ಕಣ್ಣಿನ ಕೆಳಗೆ ಕಪ್ಪು ಜಾಸ್ತಿ ಆಗಿದೆ. ಬಸವನಗುಡಿ, ಜಯನಗರದ ಕಡೆ ನಂಬಿಕೆಯ ಚರ್ಮದ ಡಾಕ್ಟರ್ ಯಾರಾದರೂ ಗೊತ್ತಿದ್ದರೆ ಹೇಳಿ.

"ಚೆನ್ನಾಗಿ ನಿದ್ದೆ ಮಾಡು" ಅಂತ ಮಾತ್ರ ಹೇಳಬೇಡಿ, ದಯವಿಟ್ಟು. ಅವಳು ಹತ್ತಕ್ಕೆಲ್ಲ ಮಲಗುವವಳು. ಅಮ್ಮನಿಗೂ ಹೀಗೇ ಇದೆ, ವಂಶದಿಂದ ಬಂದಿರಬಹುದು. ಆದರೆ ನನ್ನ ಅನುಮಾನ ಅಲರ್ಜಿ ಮೇಲೆ. ಔಟರ್ ರಿಂಗ್ ರೋಡಿನ ಧೂಳಿನಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದ ಕೂಡಲೇ ಬೆರಳ ಗೆಣ್ಣಿನಿಂದ ಕಣ್ಣು ಉಜ್ಜುತ್ತಾಳೆ, ರೆಪ್ಪೆ ಕೆಂಪಾಗುವವರೆಗೆ. ಹಾಗೆ ಉಜ್ಜಿ ಉಜ್ಜಿಯೂ ಅಲ್ಲಿನ ತೆಳು ಚರ್ಮ ಕಪ್ಪಾಗುತ್ತದೆ, ಅಲ್ವಾ? ರಕ್ತ ಕಡಿಮೆ ಇದ್ದರೂ ಕಪ್ಪು ಎದ್ದು ಕಾಣುತ್ತದೆ ಅಂತ ಹಿಮೋಗ್ಲೋಬಿನ್ ಪರೀಕ್ಷೆಗೆ ಕೊಟ್ಟಿದ್ದೇವೆ.

ಒಂದು ಕ್ಲಿನಿಕ್‌ನಲ್ಲಿ ಮುಖ ಸರಿಯಾಗಿ ನೋಡದೆ ಸೀದಾ ಲೇಸರ್ ಪ್ಯಾಕೇಜ್ ರೇಟು ಹೇಳಿದರು. ಚರ್ಮದ ಬಣ್ಣವೋ, ಒಳಗಿನ ರಕ್ತನಾಳವೋ, ಗುಳಿಯ ನೆರಳೋ ಅಂತ ತಿಳಿಯದೆ ಸುಮ್ನೆ ಲೇಸರ್ ಯಾಕೆ? ಗುಳಿ ಇದ್ದರೆ ಕ್ರೀಮಿನಿಂದ ಅದು ತುಂಬುವುದಿಲ್ಲ, ಅದಕ್ಕೆ ಸೂಜಿಯಿಂದ ಚುಚ್ಚಿ ತುಂಬಿಸುವ ಫಿಲ್ಲರ್ ಬೇರೆಯೇ ಇದೆ.

ಕಣ್ಣ ಕೆಳಗೆ ರೆಟಿನಾಲ್ (ವಿಟಮಿನ್ ಎ) ಕ್ರೀಮ್ ಹಚ್ಚಿದವರು ಇದ್ದೀರಾ? ಉರಿ, ಸಿಪ್ಪೆ ಏಳುವುದು ಆಯಿತಾ? ವಿಕ್ಟೋರಿಯಾ ಅಥವಾ ಬೌರಿಂಗ್ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋದವರಿದ್ದರೆ, ಚೀಟಿ ಮಾಡಿಸಲು ಎಷ್ಟು ಹೊತ್ತಿಗೆ ಹೋಗಬೇಕು ಅಂತಲೂ ತಿಳಿಸಿ.