ಪದಚರ್ಚೆ: ‘ಬ್ರೌನ್ ಬೇಬೀಸ್’ಗೆ ಕನ್ನಡ ಪದ ಬೇಕು (ತುರ್ತು)

ಒಂದು ಇಂಗ್ಲಿಷ್ ಕಾದಂಬರಿಯ ವಿಮರ್ಶೆ ಬರೆಯುತ್ತಿದ್ದೇನೆ, ಸಂಜೆಯೊಳಗೆ ಕಳಿಸಬೇಕು. ಎರಡನೇ ಮಹಾಯುದ್ಧದ ಇಂಗ್ಲೆಂಡು, ಅಮೆರಿಕದ ಕಪ್ಪು ಸೈನಿಕ, ಬಿಳಿಯರ ಹುಡುಗಿ, ಮುಚ್ಚಿಟ್ಟ ಮಗು. ‘ಅಂತರ್ಜನಾಂಗೀಯ ಪ್ರೇಮ’ ಅಂತ ತಲೆಬರಹ ಕೊಟ್ಟಿದ್ದೇನೆ. ಕಾದಂಬರಿ ಸಪ್ಪೆ. ಅಟ್ಟದ ಪೆಟ್ಟಿಗೆಯಲ್ಲಿ ಹಳೇ ಕಾಗದಗಳು ಸಿಕ್ಕ ಕೂಡಲೇ ಗುಟ್ಟು ಗೊತ್ತಾಗಿಬಿಡುತ್ತದೆ, ಆಮೇಲೂ ಸುಮ್ನೆ ಎಳೆದಿದ್ದಾರೆ. ಸೈನಿಕರ ಮದುವೆಗೆ ಮೇಲಧಿಕಾರಿಯ ಒಪ್ಪಿಗೆ ಬೇಕಿತ್ತು. ಇಂಥ ಜೋಡಿಗಳಿಗೆ ಅದು ಸಿಗುತ್ತಿದ್ದದ್ದೇ ಅಪರೂಪ. ನಿಜವಾದ ಕಥೆ ಅಲ್ಲಿದೆ, ಅದಕ್ಕೆ ಇಲ್ಲಿ ಒಂದೇ ಸಾಲು. ಹೀಗೆ ಹುಟ್ಟಿದ ಸುಮಾರು 2,000 ಮಕ್ಕಳನ್ನು ಅಮೆರಿಕದ ಕಪ್ಪು ಜನರ ಪತ್ರಿಕೆಗಳು ‘ಬ್ರೌನ್ ಬೇಬೀಸ್’ ಎಂದು ಕರೆದವು. ಕನ್ನಡದಲ್ಲಿ ಏನನ್ನೋಣ? ‘ಮಿಶ್ರ ಸಂತಾನ’ ಅಂದರೆ ದನದ ತಳಿಯ ಮಾತಾಗುತ್ತದೆ.

ಮರು: ‘ವರ್ಣಸಂಕರ ಶಿಶು’. ಸಿದ್ಧ ಪದ ಇರುವಾಗ ಹುಡುಕಾಟ ಯಾಕೆ?

ಮರು: ಗೀತೆಯ ಮೊದಲ ಅಧ್ಯಾಯ ಓದಿ ಬನ್ನಿ ಸ್ವಾಮಿ. ಅಲ್ಲಿ ಸಂಕರ ಅಂದರೆ ನರಕದ ದಾರಿ. ಎಷ್ಟೋ ಮಕ್ಕಳು ಸಾಮರ್ಸೆಟ್‌ನ ಹಾಲ್ನಿಕೋಟ್ ಹೌಸ್‌ನಂಥ ಮಕ್ಕಳ ಆಶ್ರಯಧಾಮಗಳಲ್ಲಿ ಅಪ್ಪ ಅಮ್ಮ ಇಲ್ಲದೆ ಬೆಳೆದದ್ದು ಸಾಲದೇ? ‘ಬೆರಕೆ’ಯೂ ಬೇಡ, ಅದು ಬೈಗುಳ. ‘ಕಂದು ಕಂದಮ್ಮಗಳು’ ಎನ್ನಿ. ಕಂದ ಅಚ್ಚಗನ್ನಡ. ತಮಿಳಿನಲ್ಲಿ ಕರುವಿಗೆ ಕನ್ಱು ಅನ್ನುತ್ತಾರೆ, ಎರಡೂ ಒಂದೇ ಬೇರಿನವು.

ಮರು: ಮುಖ ಕಂದಿತು ಅನ್ನಲ್ವಾ? ಬಾಡಿದ ಮಕ್ಕಳು ಅಂತ ಓದಿಕೊಳ್ಳುತ್ತಾರೆ. ಅದಿರಲಿ, ತಲೆಬರಹವೇ ತಪ್ಪು. ಅಂತರ್ ಅಂದರೆ ಒಳಗೆ. ‘ಅಂತರ’ ಆಗಬೇಕು. ನೀವು ಬರೆದಿರುವುದು ಒಂದೇ ಜನಾಂಗದೊಳಗಿನ ಪ್ರೇಮ.

ಮರು: ‘ಅಂತರ್ಜಾತಿ ವಿವಾಹ’ ಅಂತ ಎಲ್ಲರೂ ಅನ್ನುತ್ತಾರೆ. ಒಂದೇ ಜಾತಿಯೊಳಗಿನ ಮದುವೆ ಅಂತ ಯಾರೂ ತಿಳಿದುಕೊಂಡಿಲ್ಲ. ಸಂಸ್ಕೃತದ ಕಾನೂನು ಸಂಸ್ಕೃತಕ್ಕೆ ಇರಲಿ. ‘ಕಪ್ಪು ಬಿಳಿ ಪ್ರೇಮ’ ಅಂದರೆ ಮುಗೀತು.

ಮರು: ಸಿನಿಮಾ ಪೋಸ್ಟರ್ ಬರೆಯುತ್ತಿದ್ದೀರಾ?

ಮರು (ಕೇಳಿದವನು): ಸಂಜೆ ಆಯ್ತು. ‘ಬ್ರೌನ್ ಬೇಬಿಗಳು’ ಎಂದೇ ಕಳಿಸಿದೆ. ಅವರವರೇ ಇಟ್ಟ ಹೆಸರು, ಅದರಲ್ಲಿ ಅಕ್ಕರೆಯೂ ಇದೆ. ತಲೆಬರಹ ಮೊದಲಿದ್ದಂತೆಯೇ ಇದೆ.

ಮರು: ಬೇಬಿಗೂ ಕನ್ನಡ ಇಲ್ವಾ? ಹೀಗೆ ಸಾಲ ಮಾಡಿ ಮಾಡಿಯೇ ಭಾಷೆ ಈ ಗತಿಗೆ ಬಂದದ್ದು.

ಮರು: ‘ಗತಿ’, ‘ಭಾಷೆ’ ಎಲ್ಲಿಂದ ಬಂದವು ಸಾರ್? ‘ಕಾದಂಬರಿ’ ಬಾಣನ ನಾಯಕಿಯ ಹೆಸರು. ಮೊದಲು ಅದನ್ನು ವಾಪಸ್ ಕೊಟ್ಟು ಬನ್ನಿ.