ದಿ ಟಿಟ್‌ಫೀಲ್ಡ್ ಥಂಡರ್‌ಬೋಲ್ಟ್ (1953): ಬಕೆಟ್‌ನಲ್ಲಿ ನೀರು ಹೊತ್ತು ರೈಲು ಓಡಿಸಬಹುದೇ?

ಪ್ರಶ್ನೆ
ಟಿಟ್‌ಫೀಲ್ಡ್ ಎಂಬ ಇಂಗ್ಲಿಷ್ ಹಳ್ಳಿಯವರು ಮುಚ್ಚಲಿದ್ದ ರೈಲನ್ನು ತಾವೇ ನಡೆಸುವ ಈ ಹಾಸ್ಯಚಿತ್ರದಲ್ಲಿ, ಪೈಪೋಟಿಯ ಬಸ್ಸಿನವರು ನೀರಿನ ತೊಟ್ಟಿ ಕೆಡಿಸಿದಾಗ ಪ್ರಯಾಣಿಕರೆಲ್ಲ ಇಳಿದು, ಬಕೆಟ್‌ಗಳಲ್ಲಿ ನೀರು ತಂದು ಎಂಜಿನ್ನಿಗೆ ಹೊಯ್ಯುತ್ತಾರಲ್ಲ, ಅದು ಆಗುವ ಕೆಲಸವೇ? ನೀರಿಲ್ಲದಿದ್ದರೆ ರೈಲು ನಿಲ್ಲುತ್ತದೆ, ಅಷ್ಟೇ ತಾನೆ? ಆ ಗಡಿಬಿಡಿ ಏಕೆ? ಕೊನೆಗೆ ಬರುವ ಮುದಿ ಎಂಜಿನ್ ಅಸಲಿಯೋ, ಸೆಟ್ಟೋ?

ಉಗಿಬಂಡಿ
ಬರೀ ನಿಂತರೆ ಚಿಂತೆಯಿರಲಿಲ್ಲ. ಬೆಂಕಿ ಉರಿಯುತ್ತಿರುವಷ್ಟು ಹೊತ್ತೂ ಫೈರ್‌ಬಾಕ್ಸಿನ (ಬಾಯ್ಲರಿನೊಳಗಿನ ಬೆಂಕಿಗೂಡಿನ) ಮೇಲ್ತಗಡು ನೀರಿನಡಿ ಮುಳುಗಿರಬೇಕು. ನೀರು ಅದಕ್ಕಿಂತ ಕೆಳಗಿಳಿದರೆ ತಗಡು ಕಾದು ಮೆತ್ತಗಾಗಿ ಒತ್ತಡಕ್ಕೆ ಹರಿಯುತ್ತದೆ, ಬಾಯ್ಲರ್ ಸಿಡಿಯುತ್ತದೆ. ಅದಕ್ಕೆಂದೇ ಆ ತಗಡಿನಲ್ಲಿ ಸೀಸ ತುಂಬಿದ ಬಿರಡೆ ಇಟ್ಟಿರುತ್ತಾರೆ. ನೀರಿಳಿದರೆ ಸೀಸ ಕರಗಿ, ಹಬೆ ಬೆಂಕಿಯ ಮೇಲೆ ನುಗ್ಗಿ ಚಾಲಕನನ್ನು ಎಚ್ಚರಿಸುತ್ತದೆ. ಬೆಂಕಿಯೇ ಆರಿಬಿಡುತ್ತದೆಂದು ನಂಬಿ ಕೂರುವಂತಿಲ್ಲ. ಬಿರಡೆ ಕರಗಿತೆಂದರೆ ಎಂಜಿನ್ ಆ ದಿನಕ್ಕೆ ಮುಗಿಯಿತು.

ಬಕೆಟ್ ಲೆಕ್ಕ: ಅದು ಗ್ರೇಟ್ ವೆಸ್ಟರ್ನ್ ರೈಲ್ವೆಯ 1400 ವರ್ಗದ ಎಂಜಿನ್. ಟ್ಯಾಂಕು ಹಿಡಿಯುವುದು 800 ಗ್ಯಾಲನ್, ಸುಮಾರು 3,600 ಲೀಟರ್. 2 ಗ್ಯಾಲನ್ನಿನ ಬಕೆಟ್ಟಾದರೆ 400 ಸಲ ಹೊರಬೇಕು! ಆದರೆ ಊರು ಮುಟ್ಟುವಷ್ಟಿದ್ದರೆ ಸಾಕಲ್ಲ, ಆದ್ದರಿಂದ ದೃಶ್ಯ ನಂಬುವಂಥದ್ದೇ. ಹೊಯ್ಯುವುದು ಟ್ಯಾಂಕಿಗೆ, ಬಾಯ್ಲರಿಗಲ್ಲ. ಅಲ್ಲಿಂದ ಬಾಯ್ಲರಿನೊಳಕ್ಕೆ ನೀರು ತಳ್ಳುವ ಇಂಜೆಕ್ಟರ್ ನಡೆಯುವುದೂ ಹಬೆಯಿಂದಲೇ. ಹಾಗಾಗಿ ನೀರು ಬರುವವರೆಗೆ ಬೆಂಕಿ ತಗ್ಗಿಸಬೇಕೇ ಹೊರತು ಪೂರ್ತಿ ಆರಿಸಿದರೆ ಒತ್ತಡ ಬಿದ್ದು ಇಂಜೆಕ್ಟರೂ ಕೈಕೊಡುತ್ತದೆ. ಕಸಕಡ್ಡಿ ಸಿಕ್ಕಿಕೊಂಡರೂ ಅದೇ ಗತಿ, ನೀರನ್ನು ಬಟ್ಟೆಯಲ್ಲಿ ಸೋಸಿ ಹೊಯ್ಯುವುದು ಕ್ಷೇಮ.

ರೀಲ್‌ಡಬ್ಬಿ
ಮುದಿ ಎಂಜಿನ್ ಅಸಲಿ. ನಿಜವಾದ ಹೆಸರು ಲಯನ್, 1838ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲ್ವೆಗಾಗಿ ಕಟ್ಟಿದ್ದು. 1859ರಿಂದ 1928ರವರೆಗೆ ಲಿವರ್‌ಪೂಲ್ ಬಂದರಿನಲ್ಲಿ ನಿಂತಲ್ಲೇ ಪಂಪು ನಡೆಸುತ್ತಿತ್ತು, ಗುಜರಿಗೆ ಹೋಗದೆ ಬದುಕಿದ್ದು ಹಾಗೆ. ಚಿತ್ರದಲ್ಲಿ ಸ್ವಂತ ಹಬೆಯಲ್ಲೇ ಓಡಿದೆ. ಈಗ ಲಿವರ್‌ಪೂಲ್ ಮ್ಯೂಸಿಯಂನಲ್ಲಿದೆ.

ಊರಬೀದಿಯಲ್ಲಿ ನುಗ್ಗುವ ಎಂಜಿನ್ ಮಾತ್ರ ಲಾರಿಗೆ ತೊಡಿಸಿದ ಮರದ ವೇಷ.

ಚಿತ್ರೀಕರಣ 1952ರಲ್ಲಿ ಬಾತ್ ನಗರದ ಬಳಿಯ ಕ್ಯಾಮರ್ಟನ್ ಮಾರ್ಗದಲ್ಲಿ, ಟಿಟ್‌ಫೀಲ್ಡ್ ನಿಲ್ದಾಣವಾದದ್ದು ಮಾಂಕ್‌ಟನ್ ಕೂಂಬ್. ಹಿಂದಿನ ವರ್ಷವೇ ಗೂಡ್ಸ್ ಗಾಡಿಯೂ ನಿಂತಿದ್ದರಿಂದ ಹಳಿ ಬಿಡುವಾಗಿತ್ತು. 1958ರಲ್ಲಿ ಕಿತ್ತುಹಾಕಿದರು.

ಪ್ರಶ್ನೆ ಕೇಳಿದವರು
ಇನ್ನೂ ಬೇಗ ಬಂದಿದ್ದರೆ ಪರವಾನಗಿ ಸಿಗುತ್ತಿರಲಿಲ್ಲ ಎಂದು ಕೊನೆಗೆ ರೈಲನ್ನು ಪರೀಕ್ಷಿಸಲು ಬಂದ ಇನ್ಸ್‌ಪೆಕ್ಟರ್ ಹೇಳುವುದು ತಮಾಷೆಗೋ?

ಉಗಿಬಂಡಿ
ಕಾನೂನೇ ಹಾಗಿತ್ತು. ಲೈಟ್ ರೈಲ್ವೆ (ಸಡಿಲ ನಿಯಮದ ಸಣ್ಣ ಮಾರ್ಗ) ಎಂದು ಅನುಮತಿ ಪಡೆದರೆ ಸಿಗ್ನಲ್, ಗೇಟುಗಳ ಖರ್ಚು ಕಡಿಮೆ, ಬದಲಿಗೆ ವೇಗ ಗಂಟೆಗೆ 25 ಮೈಲಿ ದಾಟಬಾರದು. ಕಥೆಯ ಮೂಲವೂ ನಿಜದ್ದೇ: ವೇಲ್ಸಿನ ಟಾಲಿಲಿನ್ ರೈಲನ್ನು ಸ್ವಯಂಸೇವಕರು 1951ರಿಂದ ನಡೆಸತೊಡಗಿದ್ದರು.

ಊರಿನ ಸಿರಿವಂತ ವ್ಯಾಲೆಂಟೈನ್ ರೈಲಿಗೆ ದುಡ್ಡು ಹಾಕುವುದೂ ಕಾನೂನಿನ ಸಂದು ನೋಡಿಯೇ. ಪಬ್ ಬಾಗಿಲು ತೆರೆಯಲು ಹೊತ್ತಿನ ಕಟ್ಟುಪಾಡಿತ್ತು, ಓಡುವ ರೈಲಿನ ಬಾರಿಗೆ ಇರಲಿಲ್ಲ.