ಬೋರ್ಡಿನಲ್ಲಿ 'ಸ್ಪೆಷಲಿಸ್ಟ್' ಅಂತಿದ್ದರೆ ನಂಬಬಹುದಾ?

ಕುವೆಂಪುನಗರ_ಟಾಮಿ
ನಮ್ಮ ನಾಯಿ ಟಾಮಿ ಹಿಂಗಾಲು ಎಳೆದುಕೊಂಡು ನಡೆಯುತ್ತಿದ್ದಾನೆ. ಇಲ್ಲೇ ಮೈಸೂರಿನ ಒಂದು ಕ್ಲಿನಿಕ್ಕಿನಲ್ಲಿ 'ಸ್ಪೆಷಲಿಸ್ಟ್' ಅಂತ ಬೋರ್ಡಿದೆ, ಯಾವುದರಲ್ಲಿ ಅಂತ ಕೇಳಿದರೆ ಎಲ್ಲದರಲ್ಲೂ ಅಂದರು! ಅಮೆರಿಕದಲ್ಲಿರುವ ತಂಗಿ 'ಡಿಪ್ಲೊಮೇಟಾ ಕೇಳು' ಅನ್ನುತ್ತಾಳೆ. ಹಾಗಂದರೇನು?

ಮಂಡ್ಯ_ಪಶುವೈದ್ಯ
ಅದು ಅಲ್ಲಿನ ಪದ್ಧತಿ ಸರ್. ಅಲ್ಲಿನ ಪಶುವೈದ್ಯರ ಸಂಘ ಎವಿಎಂಎ, ಅದರಡಿ 1959ರಲ್ಲಿ ಶುರುವಾದ ಎಬಿವಿಎಸ್ ಅನ್ನುವ ಮಂಡಳಿ ಇದೆ, ಯಾವ ವಿಷಯದ ತಜ್ಞರಿಗೆ ಮಾನ್ಯತೆ ಅಂತ ನೋಡುವುದು ಅದೇ. ಸರ್ಜರಿಗೆ, ಕಣ್ಣಿಗೆ, ಚರ್ಮಕ್ಕೆ ಒಂದೊಂದು 'ಕಾಲೇಜು'. ಪಾಠ ಮಾಡುವ ಕಟ್ಟಡ ಅಂದ್ಕೋಬೇಡಿ, ತಜ್ಞರ ಸಂಘ ಅಷ್ಟೇ. ಹೊಸ ಕಾಲೇಜು ಬೇಕಾದರೆ ಆ ಮಂಡಳಿಗೆ ಅರ್ಜಿ ಹಾಕಿ, ತಮ್ಮ ವಿಷಯ ಈಗಾಗಲೇ ಇರುವ ಕಾಲೇಜುಗಳ ವಿಷಯಕ್ಕಿಂತ ಹೇಗೆ ಬೇರೆ, ಜನಕ್ಕೆ ಬೇಕಾ, ತರಬೇತಿ ಮತ್ತು ಪರೀಕ್ಷೆ ಹೇಗೆ ಅಂತ ಎಲ್ಲಾ ತೋರಿಸಬೇಕು. ಒಪ್ಪಿದರೂ ಮೊದಲು ತಾತ್ಕಾಲಿಕ ಮಾನ್ಯತೆ, ಪೂರ್ತಿ ಮಾನ್ಯತೆ ಆಮೇಲೆ. ಅಲ್ಲಿಗೂ ಬಿಡುವುದಿಲ್ಲ, ವರ್ಷ ವರ್ಷ ವರದಿ ಕೊಡಬೇಕು. ಆ ಕಾಲೇಜಿನ ಪರೀಕ್ಷೆ ಪಾಸಾದವರೇ ಡಿಪ್ಲೊಮೇಟ್. ಅದಕ್ಕೆ ಮುಂಚೆ ಸಾಮಾನ್ಯವಾಗಿ ಮೂರು ವರ್ಷ ರೆಸಿಡೆನ್ಸಿ, ಅಂದರೆ ತಜ್ಞರ ಕೈಕೆಳಗೆ ತರಬೇತಿ.

ಹಳ್ಳಿಹಸು
ಅಯ್ಯೋ, ನಮ್ಮೂರಲ್ಲಿ ಹಸುವಿಗೂ ಕುರಿಗೂ ಕೋಳಿಗೂ ಒಬ್ಬರೇ ಡಾಕ್ಟ್ರು. ಅವರು ಸಿಕ್ಕರೆ ಸಾಕು ಅನ್ನೋ ಹಾಗಿದೆ, ನೀವು ಕಾಲಿಗೊಬ್ಬರು ಕಣ್ಣಿಗೊಬ್ಬರು ಅಂತೀರಲ್ಲಾ 😀

ಕುವೆಂಪುನಗರ_ಟಾಮಿ
ಸರಿ ಡಾಕ್ಟ್ರೇ, ಇಲ್ಲಿ ಏನು ನೋಡಲಿ?

ಮಂಡ್ಯ_ಪಶುವೈದ್ಯ
ನಮ್ಮಲ್ಲಿ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ ಇದೆ. ಬಿವಿಎಸ್ಸಿ (ಪಶುವೈದ್ಯ ಪದವಿ) ಮುಗಿಸಿ ಪಶುವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿರಬೇಕು. ಕಾಲಿನ ವಿಷಯ ಅಲ್ವಾ, ಎಂವಿಎಸ್ಸಿ (ಸ್ನಾತಕೋತ್ತರ ಪದವಿ) ಸರ್ಜರಿಯಲ್ಲಿ ಮಾಡಿದ್ದಾರಾ, ನೋಂದಣಿ ನಂಬರ್ ಎಷ್ಟು, ಇವೆರಡು ಕೇಳಿ. ಮುಜುಗರ ಬೇಡ. ಎಕ್ಸ್‌ರೇ ತೆಗೆಸಿದ್ದೀರಾ?